ಗಿಟಾರಿನ ಕತ್ತಿನ ಮೇಲೆ ಹೆಬ್ಬೆಟ್ಟು

ಮೆಂಫಿಸ್
14 ಸೆಪ್ಟೆಂಬರ್ 1998

ಪ್ರೀತಿಯ ಹೋಸಿಯಾ,

ಈಸ್ಟರ್ ಹಬ್ಬಕ್ಕೆ ನೀನು ಡೆಟ್ರಾಯ್ಟ್‌ನಿಂದ ಬರೆದ ಕಾಗದಕ್ಕೆ ಸೆಪ್ಟೆಂಬರಿನಲ್ಲಿ ಉತ್ತರ ಬರೆಯುತ್ತಿರುವ ಈ ಮಹಾಪಾಪಿಯನ್ನು ಕ್ಷಮಿಸು! ಬೇಸಿಗೆಯೆಲ್ಲ ಮೊಣಕಾಲು ನೋವು. ಆಮೇಲೆ ಸೋಮಾರಿತನ. ಆಮೇಲೆ, ಈ ಮೂರು ವಾರದಿಂದ, ಬೇರೆಯೇ ಒಂದು ಕಾರಣ. ಅದನ್ನು ಹೇಳುವುದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದುಕೊಂಡು ಕೂತುಕೋ. ಪರದೆ ಏಳುತ್ತಿದೆ.

ಮೊದಲು ಊರಿನ ಸುದ್ದಿ. ನಮ್ಮ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಕ್ಲೀವನ್ ಈಗ ಚರ್ಚಿನ ಹಿರಿಯ! ಭಾನುವಾರ ಕಾಣಿಕೆ ತಟ್ಟೆ ಹಿಡಿದು ಸಾಲುಸಾಲಾಗಿ ಬರುತ್ತಾನೆ. ಎಲ್ಲರೂ ತಲೆ ತಗ್ಗಿಸಿ ಪ್ರಾರ್ಥಿಸುವಾಗ ನಾನೊಬ್ಬ ಅವನ ಬೆರಳುಗಳನ್ನೇ ನೋಡುತ್ತಿರುತ್ತೇನೆ. ಇಪ್ಪತ್ತಾರು ವರ್ಷದ ಅಭ್ಯಾಸ, ಬಿಡುವುದು ಹೇಗೆ? ನಿನ್ನ ಗಿಟಾರು ಕಳುವಾದ ದಿನದಿಂದ ನಾನು ಅನುಮಾನಿಸದ ಮನುಷ್ಯನಿಲ್ಲ. ಕ್ಲೀವನ್, ಅವನ ಭಾವಮೈದ, ಊಟದ ಅಂಗಡಿಯಲ್ಲಿ ಹಂದಿಮಾಂಸ ಸುಡುತ್ತಿದ್ದ ಒಕ್ಕಣ್ಣ, ಕಡೆಗೆ ನಮ್ಮ ಪಾದ್ರಿಯನ್ನೂ ಬಿಡಲಿಲ್ಲ.

ಆ ಶನಿವಾರ ನಿನಗೆ ನೆನಪಿರಲೇಬೇಕು. 1972ರ ಜೂನ್ ಹತ್ತು. ನಾಲ್ಕು ಗಂಟೆಗೆ ರೆಕಾರ್ಡ್ ಕಂಪನಿಯವರು ನಾವು ಬಾರಿಸುವುದನ್ನು ಕೇಳಬೇಕಿತ್ತು. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದೆವು. ನೀನು ಟೋಪಿ ಮರೆತೆನೆಂದು ನನ್ನಿಂದ ಕೀಲಿ ಇಸಿದುಕೊಂಡು ಕಾರಿಗೆ ಹೋದೆ, ಓಡುತ್ತ ವಾಪಸು ಬಂದೆ. "ಲೋ ಆರ್ವಿಲ್! ಹಿಂದಿನ ಬಾಗಿಲು ತೆರೆದೇ ಇದೆ ಕಣೋ! ಬೀಗ ಹಾಕಿರಲಿಲ್ವಾ? ಗಿಟಾರಿಲ್ಲ!" ಎಂಥ ಕೂಗು ಅದು! ಬೀದಿಗೆ ಬೀದಿಯೇ ತಿರುಗಿ ನೋಡಿತು. ಆಮೇಲೆ ಕಂಪನಿಯೂ ಇಲ್ಲ, ಬ್ಯಾಂಡೂ ಇಲ್ಲ. ಬೀಗ ಹಾಕದ ಆರ್ವಿಲ್ ಮಾತ್ರ ಉಳಿದ.

ಅಂದಿನಿಂದ ನಾವಿಬ್ಬರೂ ಶನಿವಾರ ಶನಿವಾರ ಗಿರವಿ ಅಂಗಡಿಗಳನ್ನು ಸುತ್ತಿದೆವು. ನೀನು ಡೆಟ್ರಾಯ್ಟ್‌ಗೆ ಹೊರಟುಹೋದ ಮೇಲೂ ನಾನು ಬಿಡಲಿಲ್ಲ. ಈಗ ಇದರಲ್ಲಿ ನಾನು ಪಂಡಿತ. ಹೊಗಳಿಕೊಳ್ಳುತ್ತಿದ್ದೇನೆ, ಹೌದು! ಅಂಗಡಿಗೆ ಹೋದ ಕೂಡಲೇ ಗಿಟಾರಿನ ಕಡೆ ನೋಡಬಾರದು. ಹುಲ್ಲು ಕತ್ತರಿಸುವ ಯಂತ್ರದ ಬೆಲೆ ಕೇಳಬೇಕು. ಬೇಡದ ಗಿಟಾರನ್ನು ಮೊದಲು ಇಳಿಸಬೇಕು. ಬೇಕಾದ್ದನ್ನು ಕೈಗೆತ್ತಿಕೊಂಡ ಮೇಲೆ ಕೋವಿಯಿಂದ ಗುರಿ ಹಿಡಿದ ಹಾಗೆ ಕತ್ತಿನುದ್ದಕ್ಕೂ ಕಣ್ಣು ಹಾಯಿಸಬೇಕು. ತಿರುಪಿನ ತಲೆ ಗೀಚಿದ್ದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ. ಬಣ್ಣ ಬದಲಿಸಿದ್ದರೆ, ಗಿಟಾರಿನ ಪೆಟ್ಟಿಗೆಯೊಳಗೆ ಮೂಗು ತೂರಿಸಿದಾಗ ಹೊಸ ಬಣ್ಣದ ವಾಸನೆ ಬಂದೇ ಬರುತ್ತದೆ. ಬಣ್ಣ ಸುಳ್ಳು ಹೇಳುತ್ತದೆ ಹೋಸಿಯಾ, ಸವೆತ ಹೇಳುವುದಿಲ್ಲ.

ಮೂರು ವಾರದ ಹಿಂದೆ ಲಮಾರ್ ರಸ್ತೆಯ ವಿಲ್ಡಾ ಅಮ್ಮನ ಅಂಗಡಿಗೆ ಹೋದೆ. ನಿನಗೆ ಅವಳ ಅಪ್ಪ ಗೊತ್ತು. ಅವನು ಹೋದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಇವಳೇ.

"ಬಂದ್ರಾ ಆರ್ವಿಲ್? ಹುಲ್ಲು ಕತ್ತರಿಸೋ ಯಂತ್ರ ಎಷ್ಟು ಅಂತ ಕೇಳ್ಬೇಡಿ. ನಿಮ್ಮ ಮನೆ ಮುಂದೆ ಹುಲ್ಲೇ ಇಲ್ಲ ಅಂತ ಊರಿಗೆಲ್ಲ ಗೊತ್ತು."

"ಈಗ ಬೆಳೆಸೋಣ ಅಂತಿದ್ದೀನಮ್ಮ."

"ಬೆಳೀಲಿ, ಬೆಳೀಲಿ. ಅಲ್ಲೀ ತನಕ ಆ ಹಸಿರು ಗಿಟಾರಿನ ಕಡೆ ಕಳ್ಳನೋಟ ಬೀರೋದು ನಿಲ್ಸಿ. ಕೇಳಿ, ಕೊಡ್ತೀನಿ. ಯಾರೋ ವಿಧವೆ ತಂದು ಮಾರಿ ಹೋದ್ಲು."

ಕಡುಹಸಿರು ಬಣ್ಣದ ಟೆಲಿಕಾಸ್ಟರ್ ಗಿಟಾರು, ನಿನ್ನದರ ಜಾತಿಯದೇ. ಆದರೆ ನಿನ್ನದು ಬೆಣ್ಣೆಯ ಬಣ್ಣದ್ದು, ಹಾಗಾಗಿ ಮೊದಲು ನನ್ನ ಎದೆ ಹಾರಲಿಲ್ಲ. ಕತ್ತು ಹಿಡಿದೆ. ಹಿಡಿದವನು ಹಾಗೇ ನಿಂತೆ! ಎಲ್ಲರೂ ಹೆಬ್ಬೆರಳನ್ನು ಕತ್ತಿನ ಹಿಂದೆ ಇಡುತ್ತಾರೆ. ಕತ್ತಿನ ಮೇಲಿಂದ ಹಾಯಿಸಿ ದಪ್ಪ ತಂತಿಯನ್ನು ಹೆಬ್ಬೆರಳಿಂದಲೇ ಅದುಮುವ ರಾಕ್ಷಸ ಕೈ ಈ ಊರಿನಲ್ಲಿ ಒಂದೇ ಇತ್ತು, ನಿನ್ನದು. ಮೂರನೆಯ ಪಟ್ಟಿಯ ಹತ್ತಿರ, ಕತ್ತಿನ ಅಂಚು ಬಟ್ಟಲಿನ ಹಾಗೆ ತಗ್ಗಾಗಿತ್ತು. ನನ್ನ ಹೆಬ್ಬೆರಳನ್ನು ಅದರಲ್ಲಿಟ್ಟೆ. ಇನ್ನೊಂದು ಹೆಬ್ಬೆರಳಿಗೂ ಜಾಗ ಉಳಿಯಿತು. ಉಗುರಿನಿಂದ ಹಸಿರು ಕೆರೆದೆ. ಕೆಳಗೆ ಬೆಣ್ಣೆ!

ನಾನು ಅತ್ತೆ. ನಿಜವಾಗಿಯೂ ಅತ್ತೆ. ವಿಲ್ಡಾ ಅಮ್ಮ ಕಾಗದದ ಕರವಸ್ತ್ರದ ಡಬ್ಬಿಯನ್ನೇ ನನ್ನ ಮುಂದೆ ಇಟ್ಟಳು. ನಾನು ಮೂಗು ಒರೆಸಿಕೊಳ್ಳುತ್ತಿರುವಾಗ ಅವಳು ಗಿಟಾರಿನ ಪೆಟ್ಟಿಗೆಯ ಅಸ್ತರಿನೊಳಗೆ ಕೈ ಹಾಕಿ ಹಳದಿ ಚೀಟಿಯೊಂದನ್ನು ಎಳೆದಳು. ಅವರದೇ ಅಂಗಡಿಯ ಹಳೆಯ ಗಿರವಿ ಚೀಟಿ. ಓದಿದಳು. ನನ್ನ ಮುಖ ನೋಡಿದಳು. ಮತ್ತೆ ಓದಿದಳು. ಕರವಸ್ತ್ರದ ಡಬ್ಬಿ ಮೆಲ್ಲಗೆ ಅವಳ ಕಡೆಗೆ ಸರಿಯಿತು.

"ಏನ್ರೀ ಇದು? ಅಡ ಇಟ್ಟೋರ ಹೆಸರು ಆರ್ವಿಲ್ ಟಬ್ಸ್ ಅಂತಿದೆ."

"ಯಾವ ಆರ್ವಿಲ್ ಟಬ್ಸ್?"

"ನಂಗೊತ್ತಿರೋ ಹಾಗೆ ಒಬ್ರೇ. ನನ್ನೆದುರು ಅಳ್ತಾ ನಿಂತಿದ್ದಾರೆ. ನಾಟಕ ಬೇಡ ಆರ್ವಿಲ್, ನೀವೇ ಅಡ ಇಟ್ಟು ಇಷ್ಟು ವರ್ಷ ನೀವೇ ಹುಡುಕ್ತಾ ಇದ್ರಾ?"

ಚರ್ಚಿನ ನಾಟಕದಲ್ಲಿ ಏಳು ವರ್ಷ ಯೇಸುವಿಗೆ ದ್ರೋಹ ಬಗೆದ ಯೂದನ ಪಾತ್ರ ಮಾಡಿದವನು ನಾನು. ನೀನು ನೆಚ್ಚಿನ ಶಿಷ್ಯ ಪೇತ್ರ. ಜನ ನನ್ನನ್ನು ಛೀ ಎಂದಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ. ಒಂದು ಕ್ಷಣ, ದೇವರಾಣೆ, ನಾನು ನನ್ನನ್ನೇ ಅನುಮಾನಿಸಿದೆ! ಬೀಗ ಹಾಕುವುದನ್ನೇ ಮರೆಯುವ ತಲೆ ಇದು, ಅಡ ಇಟ್ಟದ್ದನ್ನೂ ಮರೆತಿರಬಹುದಲ್ಲ?

ಚೀಟಿಯ ಕೆಳಗೆ ನೀಲಿ ಹೆಬ್ಬೆಟ್ಟಿನ ಗುರುತಿತ್ತು. ವಿಲ್ಡಾ ಅಮ್ಮ ಹೇಳಿದಳು: "ನಮ್ಮಪ್ಪ ಎಡ ಹೆಬ್ಬೆಟ್ಟೇ ತಗೋತಿದ್ರು. ಬಲಗೈಲಿ ಪೆನ್ನಿರುತ್ತಲ್ಲ." ನಾನು ತೋಳು ಮಡಚಿ ಗುಡುಗಿದೆ, "ತೆಗೀರಿ ಮಸಿ!" ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ಹತ್ತಿರ ಬಂದರು. ನನ್ನ ಎಡ ಹೆಬ್ಬೆಟ್ಟು ಒತ್ತಿದೆ. ಅವಳು ಒಡವೆ ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಎರಡನ್ನೂ ನೋಡಿದಳು.

"ನಿಮ್ಮದಲ್ಲ," ಎಂದಳು. ಕರವಸ್ತ್ರದ ಡಬ್ಬಿ ಮತ್ತೆ ನನ್ನ ಕಡೆಗೆ ಬಂತು. "ಇದು ದೊಡ್ಡ ಕೈ. ಮಧ್ಯೆ ಓರೆಯಾಗಿ ಹಳೇ ಗಾಯದ ಗೆರೆ ಇದೆ."

ಅವಳು ಕೇಳಿದಷ್ಟು ಕೊಟ್ಟು ತಂದೆ. ಗಿಟಾರು ಈಗ ನನ್ನ ಮನೆಯಲ್ಲಿದೆ, ಊಟದ ಮೇಜಿನ ಮೇಲೆ ಮಲಗಿದೆ. ನಾನು ಮೂಲೆಯಲ್ಲಿ ನಿಂತು ಉಣ್ಣುತ್ತಿದ್ದೇನೆ. ಹೋದ ಭಾನುವಾರ ಕಾಣಿಕೆ ತಟ್ಟೆ ಬಂದಾಗ ಕ್ಲೀವನ್‌ನ ಎಡಗೈ ಹಿಡಿದು ಹೊರಳಿಸಿ ಹೆಬ್ಬೆರಳು ನೋಡಿದೆ. "ಏನಣ್ಣ, ಭವಿಷ್ಯ ನೋಡ್ತಿದ್ದೀಯಾ?" ಎಂದ. ಮಗುವಿನ ಹಾಗೆ ನುಣುಪು. ಇಪ್ಪತ್ತಾರು ವರ್ಷದ ಅನುಮಾನಕ್ಕೆ ಅಲ್ಲೇ ಕ್ಷಮೆ ಕೇಳಿದೆ. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ. ತಟ್ಟೆಗೆ ಇನ್ನೊಂದು ಡಾಲರ್ ಹಾಕು ಎಂದ.

ನಿನ್ನ ಹೆಂಡತಿಯ ಬೆನ್ನು ನೋವು ಬೇಗ ವಾಸಿಯಾಗಲಿ. ಮೊಮ್ಮಗಳ ದನಿಗೆ ಯಾರ ಕಣ್ಣೂ ತಾಗದಿರಲಿ. ದೇವರು ನಿನ್ನ ಮನೆಯ ದೀಪ ತಣ್ಣಗೆ ಉರಿಸಲಿ.

ನಿನ್ನ,
ಆರ್ವಿಲ್ ಟಬ್ಸ್
(ಸಹಿ ನೋಡಿಕೋ. ನಿಜವಾದದ್ದು ಹೀಗಿರುತ್ತದೆ.)

ಮರೆತದ್ದು: ಚೀಟಿಯ ತಾರೀಖು ಹೇಳಲಿಲ್ಲ. ಜೂನ್ ಒಂಬತ್ತು, ಶುಕ್ರವಾರ. ಮಾರನೆಯ ದಿನ ಕಾರಿನಲ್ಲಿ ಗಿಟಾರೇ ಇರಲಿಲ್ಲ. "ನಾನಾಗ್ಲೇ ಹಿಂದೆ ಇಟ್ಟಾಯ್ತು, ನಡಿ" ಅಂದದ್ದು ನೀನು. ನನ್ನ ಕೀಲಿ ಇಸಿದುಕೊಂಡು ಹೋಗಿ ಹಿಂದಿನ ಬಾಗಿಲು ತೆರೆದದ್ದೂ ನೀನೇ. ಕ್ಯಾಟ್‌ಫಿಶ್ ಮೀನು ಸೀಳುವಾಗ ನಿನ್ನ ಎಡ ಹೆಬ್ಬೆರಳು ಸೀಳಿಹೋದ ದಿನ ದೋಣಿಯಲ್ಲಿ ನಾನಿದ್ದೆ. ನನ್ನ ಅಂಗಿ ಹರಿದು ಕಟ್ಟಿದವನು ನಾನು. ನಿನಗೇನು ಕಷ್ಟವಿತ್ತೋ ಕೇಳುವುದಿಲ್ಲ. ಹೇಳಿದ್ದರೆ ನನ್ನ ಗಿಟಾರನ್ನೂ ಅದರ ಪಕ್ಕದಲ್ಲೇ ಅಡ ಇಡುತ್ತಿದ್ದೆ. ಆದರೆ ಅಷ್ಟು ಶನಿವಾರ ನನ್ನ ಜೊತೆ ಅಂಗಡಿ ಅಂಗಡಿ ಸುತ್ತಿದೆಯಲ್ಲೋ, ಹೋಸಿಯಾ. "ಇಲ್ಲೂ ಇಲ್ಲ, ನಡಿ" ಅನ್ನುತ್ತಿದ್ದೆಯಲ್ಲ. ನನ್ನ ಮನೆಯಾಕೆ ಅರ್ನೆಟಾ ಬದುಕಿರುವವರೆಗೂ ಎಲ್ಲಿ ಕಾರು ನಿಲ್ಲಿಸಿದರೂ ಕೇಳುತ್ತಿದ್ದಳು, "ಬೀಗ ಹಾಕಿದ್ರಾ?" ಎಂದು. ನಾನು ಮೂರು ಮೂರು ಸಲ ತಿರುಗಿ ಹೋಗಿ ನೋಡುತ್ತಿದ್ದೆ. ಗಿಟಾರು ನಿನ್ನದೇ, ಬಂದು ತೆಗೆದುಕೊಂಡು ಹೋಗು. ಹೆಬ್ಬೆಟ್ಟು ತರುವುದನ್ನು ಮರೆಯಬೇಡ. ನಿನ್ನೆ ಅರ್ನೆಟಾಳ ಸಮಾಧಿಗೆ ಹೋಗಿ ಹೇಳಿ ಬಂದೆ: ಹಾಕಿದ್ದೆ ಕಣೇ.