ಹನ್ನೊಂದು ಗರಿಗಳಿಗೆ ಬರೆದ ‘ಸಮ’

ಬಂಟ್ವಾಳ
14 ನವೆಂಬರ್ 2024, ಗುರುವಾರ

ಪ್ರೀತಿಯ ಸ್ವರ್ಣಲತಾ ಟೀಚರ್,

ಫೋನಿನಲ್ಲಿ ಹೇಳಿದರೆ ನೀವು ನಡುವೆಯೇ “ಇರಲಿ ಬಿಡು” ಅನ್ನುತ್ತೀರಿ. ಅದಕ್ಕೇ ಈ ಪತ್ರ. ಭಾನುವಾರ ಮೂಡುಬಿದಿರೆಯ ಸಮಾರಂಭದಲ್ಲಿ ನಮ್ಮ ದನದ ಮದ್ದಿನ ಗ್ರಂಥದ ಪೆನ್‌ಡ್ರೈವ್‌ಗಳನ್ನು ಹಂಚಬೇಡಿ. ಅದರಲ್ಲಿ ನನ್ನದೊಂದು ಸುಳ್ಳು ಇದೆ.

ಮೂರು ತಾಳೆಗರಿ ಪ್ರತಿಗಳನ್ನು ಹೋಲಿಸುವಾಗ, ಮೂರರಲ್ಲೂ ಒಂದೇ ಪಾಠವಿದ್ದರೆ ‘ಸಮ’ ಎಂದು ಬರೆಯಲು ಕಲಿಸಿದವರು ನೀವು. ನೆರಿಯದ ಡೊಂಬಯ್ಯಣ್ಣನ ಮನೆಯ ಪ್ರತಿಯಲ್ಲಿ ಹನ್ನೊಂದು ಗರಿಗಳ ಫೋಟೋ ಮಸುಕಾಗಿತ್ತು. ಮತ್ತೆ ಎರಡು ಬಸ್ಸು ಹಿಡಿದು ಹೋಗುವ ತಾಳ್ಮೆ ನನಗಿರಲಿಲ್ಲ. ಓದದೆಯೇ ಹನ್ನೊಂದಕ್ಕೂ ‘ಸಮ’ ಬರೆದೆ. ಪಿಯುಸಿ ಅರ್ಧಕ್ಕೆ ಬಿಟ್ಟದ್ದೂ ಹೀಗೆಯೇ, ಕುಳಿತಲ್ಲಿ ಕುಳಿತಿರಲಾಗದೆ.

ನಿನ್ನೆ ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ನೆರಿಯಕ್ಕೆ ಹೋದೆ. ಡೊಂಬಯ್ಯಣ್ಣ ಕಟ್ಟು ಬಿಚ್ಚಿ ಕೊಟ್ಟರು. ಹೊಟ್ಟೆಯುಬ್ಬರದ ಮದ್ದಿನ ಕೊನೆಗೆ, ಉಳಿದೆರಡು ಪ್ರತಿಗಳಲ್ಲಿ ಇಲ್ಲದ ಒಂದು ಸಾಲು: ಗಬ್ಬದ ದನಕ್ಕೆ ಕೊಡಬಾರದು. ಅದನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಡೊಂಬಯ್ಯಣ್ಣ ಮಾತ್ರ ನಕ್ಕು, “ಅದು ನಮ್ಮ ಹಟ್ಟಿಯ ದನಕ್ಕೂ ಗೊತ್ತುಂಟು ಮಾರಾಯ್ತಿ! ನಿನ್ನ ಕಂಪ್ಯೂಟರಿಗೆ ಗೊತ್ತಿಲ್ಲವಾ?” ಎಂದರು.

ವರ್ಷದ ಬಾಡಿಗೆ ಕಟ್ಟಲಾಗದೆ ನಿಮ್ಮ ವೆಬ್‌ಸೈಟ್ ಮುಚ್ಚಿದ ದಿನ, ನಿವೃತ್ತಿಯ ನಂತರದ ಆರು ವರ್ಷಗಳ ಕೆಲಸ ಹೋಯಿತೆಂದು ನೀವು ಅತ್ತಿರಿ. ಸಾದಾ ಪುಟಗಳಾಗಿ ಮಾಡಿ ಪೆನ್‌ಡ್ರೈವ್‌ಗೆ ಹಾಕುವ, ನೆಟ್ ಬೇಡ, ಬಾಡಿಗೆ ಬೇಡ, ಎಂಥ ಹಳೆಯ ಕಂಪ್ಯೂಟರಿನಲ್ಲೂ ತೆರೆಯುತ್ತದೆ, ಇಪ್ಪತ್ತು ಕಡೆ ಇಟ್ಟರೆ ಒಂದಾದರೂ ಉಳಿದೀತು ಎಂದು ಹಟ ಹಿಡಿದವಳು ನಾನೇ. ವೆಬ್‌ಸೈಟ್ ಆಗಿದ್ದರೆ ಒಂದು ಕಡೆ ತಿದ್ದಿದರೆ ಸಾಕಿತ್ತು. ಇಪ್ಪತ್ತು ಊರಿಗೆ ಹೋದ ಪೆನ್‌ಡ್ರೈವ್‌ಗಳನ್ನು ಹುಡುಕಿಕೊಂಡು ಹೋಗುವವರು ಯಾರು? ಅಷ್ಟರಲ್ಲಿ ಕಲ್ಲಡ್ಕದಲ್ಲೋ ಮುಂಡಾಜೆಯಲ್ಲೋ ಒಬ್ಬರು ಅದನ್ನು ನೋಡಿ ಗಬ್ಬದ ದನಕ್ಕೆ ಮದ್ದು ಅರೆದರೆ?

ಹನ್ನೊಂದು ಗರಿಗಳನ್ನೂ ಅಲ್ಲೇ ಕುಳಿತು ಓದಿ ಬಂದಿದ್ದೇನೆ. ಒಂಬತ್ತು ಕಡೆ ವ್ಯತ್ಯಾಸವಿದೆ. ನಾನು ತಿದ್ದಿದ್ದನ್ನು ನೀವು ಒಮ್ಮೆ ನೋಡಲೇಬೇಕು. ನನ್ನನ್ನು ಇನ್ನು ನಂಬಬೇಡಿ. ಆಮಂತ್ರಣ ಎಲ್ಲರಿಗೂ ತಲುಪಿದೆ, ನಿಮಗೆ ಮುಜುಗರವಾಗುತ್ತದೆ, ಗೊತ್ತು. ಬಂದವರು ಕಾರಣ ಕೇಳಿದರೆ ನನ್ನ ಹೆಸರನ್ನೇ ಹೇಳಿ.

ನಿಮ್ಮ
ಶಮ್ನಾ

ತಾ.ಕ.: ಸುಮ್ಮನಿದ್ದುಬಿಡುವ ಎಂದೇ ಇದ್ದೆ. ಮಂಗಳವಾರ ನೀವು ಕಳಿಸಿದ ಗ್ರಂಥದ ಮೊದಲ ಪುಟದಲ್ಲಿ, ನಿಮ್ಮ ಹೆಸರಿನ ಕೆಳಗೆ ‘ಸಹಸಂಪಾದಕಿ: ಶಮ್ನಾ’ ಎಂದಿತ್ತು. ಉಮ್ಮನಿಗೆ ನಾಲ್ಕು ಸಲ ತೋರಿಸಿದೆ. ನೆರಿಯಕ್ಕೆ ಹೊರಟದ್ದು ಅದಾದ ಮೇಲೆ. ಆ ಹೆಸರು ತೆಗೆದುಬಿಡಿ ಎಂದು ಬರೆಯಲು ಆಗಿನಿಂದ ನೋಡುತ್ತಿದ್ದೇನೆ. ಆಗುತ್ತಿಲ್ಲ, ಟೀಚರ್. ತೆಗೆಯುವುದಾದರೆ ನೀವೇ ತೆಗೆಯಿರಿ.