ಕಿರುಬೆರಳಿನ ಪಾಠ

ಅಪ್ಪಾ,

ಇವತ್ತು ನಿನ್ನ ಮೊಮ್ಮಗಳು ಟೆಸ್‌ಗೆ ಪುಟ್ಟ ರೈಫಲ್ ಕೊಡಿಸಲು ಹಾಲ್ವರ್ಸನ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಮುದುಕ ನನ್ನನ್ನು ನೋಡಿ, ನಿನ್ನ ಹೊಸ ವಿಳಾಸ ಬೇಕಾ ಎಂದು ಕೇಳಿದ. ರೈಫಲ್ ತೋರಿಸಿ ಎಂದೆ. ಹತ್ತು ಗುಂಡು ಹಿಡಿಯುವುದನ್ನು ತೋರಿಸಿದ. ಬೇಡ, ಒಂದೊಂದೇ ಗುಂಡು ತುಂಬುವಂಥದ್ದು ಕೊಡಿ ಎಂದೆ.

"ಹಿಡ್ಕೋ ಮರಿ, ಖಾಲಿ ಇದೆ. ಈಗ್ತಾನೆ ನೋಡಿದೀನಿ" ಎಂದು ಅವಳ ಕೈಗಿಟ್ಟ.

ತಮ್ಮ ವೇಡ್ ಗುಂಡು ತಗುಲಿ ಸತ್ತ ದಿನ ನೀನೂ ಇದನ್ನೇ ಹೇಳಿದ್ದೆ.

ಟೆಸ್ ನಳಿಗೆಯನ್ನು ಗೋಡೆಯತ್ತ ತಿರುಗಿಸಿದಳು. ಬೋಲ್ಟಿನ ಹಿಡಿ ಹಿಂದಕ್ಕೆಳೆದು, ಗುಂಡು ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ ನೋಡಿದಳು.

"ಏನಮ್ಮಾ, ನನ್ಮೇಲೂ ನಂಬಿಕೆ ಇಲ್ವಾ?" ಮುದುಕ ನಕ್ಕ.

"ತಾತನೇ ಹೇಳಿದ್ರೂ ನಂಬಬಾರ್ದಂತೆ. ಅಮ್ಮ ಹೇಳಿದಾಳೆ."

ಅವನ ನಗು ಅಲ್ಲೇ ನಿಂತಿತು. ಆ ಕಿರುಬೆರಳಿನ ಪಾಠ ನಮಗೆ ಕಲಿಸಿದ್ದು ನೀನೇ ಎಂದು ನಾನು ಅವಳಿಗೆ ಇನ್ನೂ ಹೇಳಿಲ್ಲ.

ಸಂಜೆ ಗುರಿಯಿಟ್ಟು ಹೊಡೆಯಲು ಬೇಲಿಯ ಮೇಲೆ ತಲೆಗೊಂದರಂತೆ ಖಾಲಿ ಡಬ್ಬಿ ಜೋಡಿಸಿದೆವು. "ತಾತಂಗೂ ಒಂದು ಇಡ್ಲಾ?" ಎಂದಳು. ಇಡು ಎಂದೆ.

ಅವರವರ ಡಬ್ಬಿ ಅವರೇ ಹೊಡೆದು ಉರುಳಿಸಬೇಕೆಂಬ ನಿನ್ನ ನಿಯಮ ಇಲ್ಲಿ ಇನ್ನೂ ನಡೆಯುತ್ತಿದೆ. ಕತ್ತಲಾಯಿತು, ನಿನ್ನದು ಹಾಗೇ ನಿಂತಿದೆ.