ಅತ್ತೆಯ ಪಾಲಿನ ಚಾಪೆ

ಸೆಮಿಸಿ,

ನಿನ್ನೆ ನಮ್ಮ ಮಗಳು ಸೇಲಾಳ ಮದುವೆಯಾಯಿತು. ನೀನು ತೀರಿಕೊಂಡಾಗಿನಿಂದ ಕೇದಗೆ ಗರಿ ಸೀಳಿ ಸೀಳಿ ನಾನು ನೇಯ್ದ ಚಾಪೆಯನ್ನು ಅವಳು ನಿನ್ನ ಅಕ್ಕ ಲೂಪೆಯ ಮುಂದೆ ತಲೆಬಾಗಿ ಇಟ್ಟಳು. ಕೇಕಿನ ಮೇಲಂತಸ್ತೂ ಲೂಪೆಗೇ. ನಾನು ಹಿತ್ತಲಲ್ಲಿ ಹಂದಿಮಾಂಸ ಕತ್ತರಿಸುತ್ತಿದ್ದೆ.

"ನನಗೇನೂ ಇಲ್ವೇನೇ?" ಎಂದು ಬಾಗಿಲಿಗೆ ಬಂದು ಸೇಲಾಳನ್ನು ಕೇಳಿದೆ.

"ಅಯ್ಯೋ, ನೀನು ಅಮ್ಮ. ಅವರು ಅತ್ತೆ, ಅಪ್ಪನ ಅಕ್ಕ! ಮದುವೇಲಿ ಒಳ್ಳೇದೆಲ್ಲ ಅತ್ತೆಗೇ ತಾನೇ?" ಎಂದು ಸೇಲಾ ನಕ್ಕಳು.

ಲೂಪೆ ಚಾಪೆಯ ಅಂಚು ಸವರುತ್ತಾ, "ಇಡೀ ಟೊಂಗಾದಲ್ಲಿ ಇಂಥದ್ದು ಇನ್ನೊಂದಿಲ್ಲ ಕಣೇ" ಎಂದಳು. ನಾನು ಮಾಂಸ ಕತ್ತರಿಸಲು ಹಿತ್ತಲಿಗೆ ಮರಳಿದೆ. ನೀನಿದ್ದಿದ್ದರೆ ಒಮ್ಮೆಯಾದರೂ ಹಿತ್ತಲಿಗೆ ಬರುತ್ತಿದ್ದೆ.

ಬರುವ ತಿಂಗಳು ನನ್ನ ತಮ್ಮನ ಮಗಳ ಮದುವೆ. ಅಲ್ಲಿ ನಾನೇ ಅತ್ತೆ. ನೇಯ್ದೂ ನೇಯ್ದೂ ತಮ್ಮನ ಹೆಂಡತಿಯ ಬೆರಳು ಸೀಳಿದೆಯಂತೆ. "ಚಾಪೆ ನೀನೇ ಇಟ್ಕೊಳ್ಳೇ" ಎಂದು ಅವಳಿಗೆ ಹೇಳಬಹುದು.

ಹೇಳುವುದಿಲ್ಲ, ಸೆಮಿಸಿ.